ಗಂಡಸಿಗೆ ಕಣ್ಣು, ಹೆಂಗಸಿಗೆ ಮನಸ್ಸು: ಈ ಮಾತಿಗೆ ಆಧಾರ ಇದೆಯಾ?

ಕಾಫಿಪುಡಿ

ನಮ್ಮ ಆಫೀಸಿನಲ್ಲಿ ದಾಂಪತ್ಯದ ಬಗ್ಗೆ ಒಂದು ಉಪನ್ಯಾಸ ಇಟ್ಟಿದ್ದರು. ಬಂದವರು ಗಂಟೆ ಹೊಡೆದ ಹಾಗೆ ಹೇಳಿದ ಮಾತು ಇದು: "ಗಂಡಸು ನೋಡಿ ಕೆರಳುತ್ತಾನೆ, ಹೆಂಗಸು ಕೇಳಿ ಕರಗುತ್ತಾಳೆ. ಬೆತ್ತಲೆ ಚಿತ್ರ ತೋರಿಸಿದರೆ ಅವಳಿಗೆ ಏನೂ ಆಗಲ್ಲ, ಅವಳ ಮೆದುಳೇ ಬೇರೆ." ಎಲ್ಲರೂ ತಲೆಯಾಡಿಸಿದರು. ನನಗೆ ಮಾತ್ರ ಸಮಾಧಾನ ಆಗಲಿಲ್ಲ.

ಇದನ್ನು ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರಾ? ಅಥವಾ ಅಜ್ಜನ ಕಾಲದಿಂದ ಬಾಯಿಂದ ಬಾಯಿಗೆ ಬಂದದ್ದಾ? ಓದಿಕೊಂಡವರು ಇಲ್ಲಿ ಇದ್ದೀರಿ, ಹೇಳಿ. ವಾಟ್ಸಾಪ್ ಫಾರ್ವರ್ಡ್ ಬೇಡ. ಪೋಲಿ ಜೋಕೂ ಬೇಡ, ಒಂದೆರಡು ಆದರೆ ಪರವಾಗಿಲ್ಲ.

ಹುಬ್ಬಳ್ಳಿ ಹೈದ

ಇದಕ್ಕೆ ಸಂಶೋಧನೆ ಯಾಕ್ರೀ ಬೇಕು? ಕಣ್ಣೆದುರಿಗೇ ಇದೆಯಲ್ಲ. ಕಾಲೇಜು ಹಾಸ್ಟೆಲಿನಲ್ಲಿ ಸಿಡಿ ತಂದವರು ಯಾರು? ಹುಡುಗರು. ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಸುತ್ತಿದ ಪುಸ್ತಕ ಕೊಂಡವರು ಯಾರು? ಹುಡುಗರೇ. ಅಮೆರಿಕದಲ್ಲಿ 1973ರಲ್ಲಿ ಹೆಂಗಸರಿಗೆಂದೇ ಪ್ಲೇಗರ್ಲ್ ಅಂತ ಪತ್ರಿಕೆ ತಂದರು, ಬೆತ್ತಲೆ ಗಂಡಸರ ಫೋಟೋ ಹಾಕಿ. ಅದರ ಓದುಗರಲ್ಲಿ ಸಲಿಂಗಿ ಗಂಡಸರೂ ಬೇಕಾದಷ್ಟು ಇದ್ದರು. ಮಾರುಕಟ್ಟೆ ಸುಳ್ಳು ಹೇಳಲ್ಲ.

ಹಳೇ ಪುಸ್ತಕದಂಗಡಿ

ಮಾರುಕಟ್ಟೆ ಹೇಳುವುದು ಯಾರು ಕೊಂಡರು ಅನ್ನುವುದನ್ನು. ಯಾರಿಗೆ ಏನಾಯಿತು ಅನ್ನುವುದು ಬೇರೆ ಲೆಕ್ಕ. ಇರಲಿ.

ಕಾಫಿಪುಡಿ ಅವರೇ, ಈ ಮಾತಿಗೆ "ವೈಜ್ಞಾನಿಕ" ಅನ್ನುವ ಮೊಹರು ಬಿದ್ದದ್ದು ಹೆಚ್ಚಾಗಿ ಆಲ್ಫ್ರೆಡ್ ಕಿನ್ಸೆಯಿಂದ. ಆತ ಇಂಡಿಯಾನಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ. ಮೊದಲು ಗಾಲ್ ಕಣಜ ಅನ್ನುವ ಸಣ್ಣ ಹುಳುಗಳನ್ನು ರಾಶಿ ರಾಶಿ ಕೂಡಿಹಾಕಿ ಅಳೆಯುತ್ತಿದ್ದವರು. ಆಮೇಲೆ ಅದೇ ಹುಚ್ಚಿನಲ್ಲಿ ಮನುಷ್ಯರ ಲೈಂಗಿಕ ಬದುಕಿನ ಸಂದರ್ಶನಕ್ಕೆ ಇಳಿದರು. 1948ರಲ್ಲಿ ಗಂಡಸರ ವರದಿ ಬಂತು, 1953ರಲ್ಲಿ ಹೆಂಗಸರದ್ದು.

1953ರ ವರದಿಯಲ್ಲಿ ಒಂದು ಕೋಷ್ಟಕ ಇದೆ. ಸಂಭೋಗದ ಚಿತ್ರ ನೋಡಿದಾಗ ಸ್ವಲ್ಪವಾದರೂ ಕೆರಳಿದ್ದೇವೆ ಅಂದವರು ಗಂಡಸರಲ್ಲಿ 77 ಪರ್ಸೆಂಟ್, ಹೆಂಗಸರಲ್ಲಿ 32. ಇಷ್ಟನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಅದೇ ವರದಿಯಲ್ಲಿ ಕಥೆ ಕಾದಂಬರಿ ಓದಿ ಕೆರಳಿದವರ ಲೆಕ್ಕವೂ ಇದೆ. ಅಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಸಾಮಾನ್ಯ ಸಿನಿಮಾ ವಿಷಯದಲ್ಲಂತೂ ಹೆಂಗಸರೇ ಒಂದು ಕೈ ಮೇಲು. ಸಿನಿಮಾನೂ ಕಣ್ಣಿನಿಂದಲೇ ನೋಡುವುದು, ಅಲ್ವಾ?

ಇನ್ನೊಂದು ವಿಷಯ. ಕಿನ್ಸೆ ಯಾರಿಗೂ ಚಿತ್ರ ತೋರಿಸಲಿಲ್ಲ. ಎದುರಿಗೆ ಕೂರಿಸಿ ಹಳೆಯ ನೆನಪು ಕೇಳಿದರು. 1940ರ ದಶಕದಲ್ಲಿ ಅಂಥ ಚಿತ್ರಗಳನ್ನು ಗಂಡಸರು ಗಂಡಸರಿಗೋಸ್ಕರ ಮಾಡುತ್ತಿದ್ದರು. ಅವು ಓಡಾಡುತ್ತಿದ್ದದ್ದೂ ಗಂಡಸರ ಕೈಯಲ್ಲೇ. ಅಂಥದ್ದನ್ನು ಒಬ್ಬ ಹೆಂಗಸು ಯಾವ ಪರಿಸ್ಥಿತಿಯಲ್ಲಿ ನೋಡಿರುತ್ತಾಳೆ, ಯಾರು ತೋರಿಸಿರುತ್ತಾರೆ, ಸ್ವಲ್ಪ ಯೋಚನೆ ಮಾಡಿ.

ಹುಬ್ಬಳ್ಳಿ ಹೈದ

ಆಯ್ತು ಸರ್, ಒಪ್ಪಿದೆ. ಆಮೇಲಾದರೂ ಯಾರಾದರೂ ಎದುರಿಗೇ ತೋರಿಸಿ ನೋಡಿದರಾ?

ಲ್ಯಾಬ್‌ಕೋಟು

ತೋರಿಸಿದರು. ನಾನು ಮನಶ್ಶಾಸ್ತ್ರ ಓದಿದವಳು, ಈ ಭಾಗ ನನಗೆ ಬಿಡಿ.

ಜರ್ಮನಿಯ ಹ್ಯಾಂಬರ್ಗಿನಲ್ಲಿ ಗುಂಟರ್ ಶ್ಮಿಟ್ ಮತ್ತು ಫೋಲ್ಕ್‌ಮಾರ್ ಸಿಗುಷ್ ಅನ್ನುವ ಇಬ್ಬರು 1970ರ ಸುಮಾರಿಗೆ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ ಸ್ಲೈಡು, ಫಿಲ್ಮು ಎರಡನ್ನೂ ತೋರಿಸಿದರು. ಕಿನ್ಸೆ ಹೇಳಿದಷ್ಟು ದೊಡ್ಡ ಕಂದಕ ಸಿಗಲಿಲ್ಲ. ಗಂಡಸರು ಸ್ವಲ್ಪ ಜಾಸ್ತಿ ಅಂಕ ಕೊಟ್ಟರು, ಅಷ್ಟೇ. ಹೆಂಗಸರಲ್ಲಿ ಕೆರಳುವುದರ ಜೊತೆಗೆ ಮುಜುಗರ, ಅಸಹ್ಯ ಕೂಡ ಜಾಸ್ತಿ ಕಂಡಿತು. ಎರಡೂ ಒಟ್ಟಿಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಬಾಯಿ ಮಾತು ಬಿಟ್ಟು ಮೈಯನ್ನೇ ಅಳೆಯಲು ಶುರು ಮಾಡಿದರು. ಗಂಡಸರಿಗೆ ಒಂದು ತೆಳು ರಬ್ಬರ್ ಉಂಗುರ. ಒಳಗೆ ಪಾದರಸ ತುಂಬಿರುತ್ತದೆ. ಅಂಗ ದಪ್ಪವಾದಂತೆ ಉಂಗುರ ಹಿಗ್ಗುತ್ತದೆ, ಅದರಲ್ಲಿ ಹರಿಯುವ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ, ಅದನ್ನು ಓದಿಕೊಳ್ಳುತ್ತಾರೆ. ಹೆಂಗಸರಿಗೆ ಬೇರೆ ಸಾಧನ ಬೇಕಾಯಿತು. 1975ರ ಹೊತ್ತಿಗೆ ಟ್ಯಾಂಪಾನ್ ಗಾತ್ರದ, ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಸಣ್ಣ ನಳಿಕೆ ಬಂತು. ಒಳಗೆ ಪುಟ್ಟ ಬೆಳಕು, ಪಕ್ಕದಲ್ಲಿ ಬೆಳಕು ಹಿಡಿಯುವ ಕಣ್ಣು. ಯೋನಿಯ ಗೋಡೆಗೆ ರಕ್ತ ಜಾಸ್ತಿ ಹರಿದರೆ ವಾಪಸು ಬರುವ ಬೆಳಕು ಬದಲಾಗುತ್ತದೆ. ಪ್ರಯೋಗಕ್ಕೆ ಬಂದವರು ಬಾಗಿಲು ಹಾಕಿಕೊಂಡು ತಾವೇ ಇಟ್ಟುಕೊಳ್ಳುತ್ತಾರೆ. ಪಕ್ಕದ ಕೋಣೆಯಲ್ಲಿ ಗ್ರಾಫು ಓಡುತ್ತಿರುತ್ತದೆ. ಕೈಯಲ್ಲಿ ಒಂದು ಸನ್ನೆಕೋಲು ಕೊಡುವುದೂ ಉಂಟು. ಮನಸ್ಸಿಗೆ ಎಷ್ಟು ಅನ್ನಿಸುತ್ತಿದೆಯೋ ಅಷ್ಟು ಮೇಲೆ ತಳ್ಳಬೇಕು. ಹೀಗೆ ಮೈಯ ಲೆಕ್ಕ ಒಂದು ಕಡೆ, ಮನಸ್ಸಿನ ಲೆಕ್ಕ ಇನ್ನೊಂದು ಕಡೆ.

ಈ ನಳಿಕೆ ಇಟ್ಟು ಜೂಲಿಯಾ ಹೈಮನ್ ಅನ್ನುವವರು ಒಂದು ಚೆಂದದ ಪ್ರಯೋಗ ಮಾಡಿದರು. ಕ್ಯಾಸೆಟ್ಟಿನಲ್ಲಿ ಕಥೆ ಕೇಳಿಸಿದರು. ಕೆಲವು ಬರೀ ಪ್ರೀತಿ ಪ್ರೇಮ, ಕೆಲವು ನೇರವಾಗಿ ಕಾಮ, ಕೆಲವು ಸಪ್ಪೆ. ಹೆಂಗಸರ ಮೈಯಲ್ಲಿ ರಕ್ತ ಹರಿಸಿದ್ದು ಯಾವುದು ಗೊತ್ತಾ? ಪ್ರೀತಿ ಪ್ರೇಮದ ಕಥೆ ಅಲ್ಲ. ಗಂಡಸರ ಹಾಗೆಯೇ, ನೇರ ಕಾಮದ ಕಥೆಗಳೇ. ಅದರಲ್ಲೂ ಹೆಣ್ಣೇ ಮುಂದಾಗಿ ಶುರು ಮಾಡುವ ಕಥೆಗಳು ಇಬ್ಬರಿಗೂ ಹಿಡಿಸಿದವು.

ಕಾಫಿಪುಡಿ

ಹಾಗಾದರೆ "ಕೇಳಿ ಕರಗುತ್ತಾಳೆ" ಅನ್ನುವುದಕ್ಕೆ 1970ರ ದಶಕದಲ್ಲೇ ಪೆಟ್ಟು ಬಿದ್ದಿತ್ತು! ಉಪನ್ಯಾಸಕರಿಗೆ ಸುದ್ದಿ ಇನ್ನೂ ತಲುಪಿಲ್ಲ ಅಂತ ಕಾಣುತ್ತೆ.

ಲ್ಯಾಬ್‌ಕೋಟು

ತಡೀರಿ, ಕಥೆ ಇನ್ನೂ ಇದೆ. ಕೆನಡಾದ ಮೆರೆಡಿತ್ ಚಿವರ್ಸ್ ಈ ಕ್ಷೇತ್ರದ ದೊಡ್ಡ ಹೆಸರು. 2004ರಲ್ಲಿ ಅವರೂ ಮೈಕಲ್ ಬೇಲಿ ಮೊದಲಾದವರೂ ಸೇರಿ ಒಂದು ಪ್ರಯೋಗ ಪ್ರಕಟಿಸಿದರು. ಗಂಡು-ಹೆಣ್ಣು, ಗಂಡು-ಗಂಡು, ಹೆಣ್ಣು-ಹೆಣ್ಣು ಹೀಗೆ ಮೂರೂ ತರದ ದೃಶ್ಯ ತೋರಿಸಿದರು. ಗಂಡಸರ ಮೈ ತಮಗೆ ಯಾರು ಇಷ್ಟವೋ ಅವರಿಗೆ ಮಾತ್ರ ಸ್ಪಂದಿಸಿತು. ಹೆಣ್ಣು ಇಷ್ಟ ಅಂದವರಿಗೆ ಹೆಣ್ಣು, ಗಂಡು ಇಷ್ಟ ಅಂದವರಿಗೆ ಗಂಡು. ಹೆಂಗಸರ ಮೈ ಮಾತ್ರ ಬಾಯಿ ಏನೇ ಹೇಳಲಿ, ಹೆಚ್ಚುಕಡಿಮೆ ಎಲ್ಲಕ್ಕೂ ಸ್ಪಂದಿಸಿತು. 2005ರಲ್ಲಿ ಚಿಂಪಾಂಜಿಯ ಹತ್ತಿರದ ಬೊನೊಬೊ ವಾನರಗಳ ಕೂಟದ ವೀಡಿಯೊ ತೋರಿಸಿದಾಗಲೂ ಸಣ್ಣಗೆ ಸ್ಪಂದಿಸಿತು. ಗಂಡಸರಲ್ಲಿ ಅದೂ ಇಲ್ಲ. "ನಮಗೇನೂ ಅನ್ನಿಸಲಿಲ್ಲ" ಅಂತ ಆ ಹೆಂಗಸರು ಹೇಳಿದ್ದರು.

ಚಿವರ್ಸ್ ಮತ್ತು ಸಂಗಡಿಗರು 2010ರಲ್ಲಿ 132 ಅಧ್ಯಯನಗಳನ್ನು ಒಟ್ಟು ಹಾಕಿದರು. 2,505 ಹೆಂಗಸರು, 1,918 ಗಂಡಸರು. ಮೈ ಹೇಳುವುದಕ್ಕೂ ಬಾಯಿ ಹೇಳುವುದಕ್ಕೂ ಎಷ್ಟು ತಾಳೆ ಅಂತ ನೋಡಿದರು. ಪೂರ್ತಿ ತಾಳೆಯಾದರೆ 1, ಏನೂ ಸಂಬಂಧ ಇಲ್ಲದಿದ್ದರೆ 0. ಗಂಡಸರಲ್ಲಿ 0.66, ಹೆಂಗಸರಲ್ಲಿ 0.26. ನಾನು ಓದಿದ ಮಟ್ಟಿಗೆ ಗಟ್ಟಿಯಾಗಿ ನಿಂತಿರುವ ವ್ಯತ್ಯಾಸ ಅಂದರೆ ಇದೇ. ಅದು ಕಣ್ಣಿನದ್ದಲ್ಲ ನೋಡಿ.

ನೇರಮಾತು

ಅಂದರೆ ಸಿಂಪಲ್. ಹೆಂಗಸರು ಸುಳ್ಳು ಹೇಳುತ್ತಾರೆ. ಒಳಗೆ ಆಸೆ, ಹೊರಗೆ ಬೇಡ ಬೇಡ. ಸಿನಿಮಾದಲ್ಲಿ ತೋರಿಸುವುದು ಸುಮ್ನೆ ಅಲ್ಲ.

[ನಿರ್ವಾಹಕರು: ಇಲ್ಲಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಲಿಂಕ್ ಹಂಚುವ ಜಾಗ ಇದಲ್ಲ. ನೇರಮಾತು ಅವರ ಮಾತನ್ನು ಬಿಟ್ಟಿದ್ದೇವೆ, ಉತ್ತರ ಬರಲಿ ಅಂತ.]

ನೈಟ್‌ಡ್ಯೂಟಿ

ಉತ್ತರ ನಾನು ಕೊಡುತ್ತೇನೆ. ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡುವವಳು, ನೇರಮಾತು ಹೇಳಿದಂಥ ವಾದವನ್ನು ನಾನು ಮೊದಲ ಸಲ ಕೇಳುತ್ತಿಲ್ಲ.

ಮೈಗೆ ರಕ್ತ ಹರಿಯುವುದು, ಒದ್ದೆಯಾಗುವುದು ಒಂದು ಪ್ರತಿವರ್ತನೆ. ಹುಣಸೆಹಣ್ಣು ಕಂಡರೆ ಬಾಯಲ್ಲಿ ನೀರೂರುತ್ತದೆ, ಹಾಗಂತ ನಿಮಗೆ ಆಗಲೇ ಹುಣಸೆಹಣ್ಣು ತಿನ್ನಲೇಬೇಕು ಅಂತ ಯಾರೂ ಬಾಯಿಗೆ ತುರುಕುವುದಿಲ್ಲ. ಲೈಂಗಿಕ ಸೂಚನೆ ಯಾವುದೇ ಬರಲಿ, ಬೇಕಾದ್ದಿರಲಿ ಬೇಡದ್ದಿರಲಿ, ಗಾಯ ಆಗದಂತೆ ಮೈ ಮೊದಲೇ ಸಿದ್ಧವಾಗುತ್ತದೆ ಅನ್ನುವುದು ಒಂದು ವಿವರಣೆ. ಚಿವರ್ಸ್ ಅವರೂ ಇದನ್ನು ಬೆಳೆಸಿದ್ದಾರೆ. ಇದು ಪೂರ್ತಿ ಸಾಬೀತಾದ ಮಾತು ಅಂತ ನಾನು ಹೇಳುತ್ತಿಲ್ಲ. ಆದರೆ ಅತ್ಯಾಚಾರಕ್ಕೆ ಒಳಗಾದವರಲ್ಲೂ ಒದ್ದೆಯಾಗುವುದು ಕಂಡುಬಂದಿದೆ. ಆ ಹೆಣ್ಣುಮಕ್ಕಳು "ನನ್ನ ಮೈಯೇ ನನಗೆ ದ್ರೋಹ ಮಾಡಿತು" ಅಂತ ವರ್ಷಗಟ್ಟಲೆ ಒಳಗೇ ಕೊರಗುತ್ತಾರೆ. ಅವರಿಗೆ ನಾವು ಮೊದಲು ಹೇಳಬೇಕಾದದ್ದು ಇದನ್ನೇ: ಮೈ ಸ್ಪಂದಿಸಿದ್ದು ಒಪ್ಪಿಗೆ ಅಲ್ಲ, ಆಸೆಯೂ ಅಲ್ಲ.

ಗಂಡಸರಲ್ಲೂ ಇದು ಉಂಟು. ಬೆಳಗ್ಗೆ ಏಳುವಾಗ ಏನಾಗಿರುತ್ತದೆ ಅಂತ ನಿಮಗೇ ಗೊತ್ತು. ಆ ಹೊತ್ತಿನಲ್ಲಿ ನಿಮಗೆ ಯಾರ ಮೇಲೆ ಆಸೆ ಇತ್ತು? 0.66 ಅಂದರೂ 1 ಅಲ್ಲವಲ್ಲ.

ಆ ಗ್ರಾಫು ನೋಡಿ "ಇವಳು ಸುಳ್ಳಿ" ಅಂತ ತೀರ್ಮಾನ ಮಾಡುವವರು, ಮನಸ್ಸಿಗಿಂತ ನಳಿಕೆ ಜಾಸ್ತಿ ಸತ್ಯ ಹೇಳುತ್ತದೆ ಅಂತ ಮೊದಲೇ ನಂಬಿಬಿಟ್ಟಿರುತ್ತಾರೆ. ಯಾಕೆ ನಂಬಬೇಕು?

ನೇರಮಾತು

ಬೆಳಗ್ಗಿನ ಉದಾಹರಣೆಗೆ ಉತ್ತರ ಇಲ್ಲ. ಸರಿ ಮೇಡಂ.

ಅಂಕಿಗಾರ

ಲ್ಯಾಬ್‌ಕೋಟು ಅವರಿಗೆ ಒಂದು ಪ್ರಶ್ನೆ. ಗಂಡಸರಿಗೆ ಉಂಗುರ, ಹೆಂಗಸರಿಗೆ ಬೆಳಕಿನ ನಳಿಕೆ. ಒಂದು ಸುತ್ತಳತೆ ಅಳೆಯುತ್ತದೆ, ಇನ್ನೊಂದು ರಕ್ತದ ಬಡಿತ. ಎರಡು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿ ಯಾವುದು ಜಾಸ್ತಿ ಅಂತ ಹೇಳುವುದು ಹೇಗೆ? 0.66 ಮತ್ತು 0.26ರ ನಡುವಿನ ಅಂತರದಲ್ಲಿ ಸಾಧನದ ಪಾಲು ಎಷ್ಟು?

ಲ್ಯಾಬ್‌ಕೋಟು

ಒಳ್ಳೆಯ ಪ್ರಶ್ನೆ. ಇದೇ ಅನುಮಾನಕ್ಕೆ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಶಾಖ ಹಿಡಿಯುವ ಕ್ಯಾಮೆರಾ ಇಟ್ಟು ನೋಡಿದರು. ಮೈಗೆ ಏನನ್ನೂ ಮುಟ್ಟಿಸುವಂತಿಲ್ಲ, ಗಂಡಸರಿಗೂ ಹೆಂಗಸರಿಗೂ ಒಂದೇ ಸಾಧನ. ರಕ್ತ ಹರಿದ ಕಡೆ ಚರ್ಮ ಬಿಸಿಯಾಗುತ್ತದೆ, ಅದನ್ನು ಕ್ಯಾಮೆರಾ ದೂರದಿಂದಲೇ ಓದುತ್ತದೆ. 2007ರಲ್ಲಿ ಪ್ರಕಟವಾಯಿತು. ಬಿಸಿ ತುದಿ ಮುಟ್ಟಲು ಇಬ್ಬರಿಗೂ ಹಿಡಿದದ್ದು 11ರಿಂದ 12 ನಿಮಿಷದ ಆಸುಪಾಸು. ಹೆಂಗಸರಿಗೆ ಒಂದು ನಿಮಿಷದಷ್ಟು ಜಾಸ್ತಿ, ಆದರೆ ಲೆಕ್ಕಶಾಸ್ತ್ರದಲ್ಲಿ ಅದು ವ್ಯತ್ಯಾಸ ಅಂತ ನಿಲ್ಲಲಿಲ್ಲ. "ಹೆಂಗಸು ನಿಧಾನ, ಗಂಡಸು ಬೆಂಕಿಕಡ್ಡಿ" ಅನ್ನುವ ಇನ್ನೊಂದು ಗಾದೆಯೂ ಅಲ್ಲಿಗೆ ಅಲುಗಾಡಿತು.

ಇನ್ನೊಂದು ಸರಳ ವಿಷಯ ಮರೆಯಬಾರದು. ಗಂಡಸಿಗೆ ತನ್ನ ಮೈಯಲ್ಲಿ ಏನಾಗುತ್ತಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಹತ್ತು ಹನ್ನೆರಡರ ವಯಸ್ಸಿನಿಂದಲೇ ಆ ಪಾಠ ಆಗಿರುತ್ತದೆ. ಹೆಂಗಸಿಗೆ ಒಳಗಿನದ್ದು ಕಾಣಲ್ಲ. ತಾಳೆ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನುತ್ತಾರೆ.

ಬಾಗಳಿ ಹುಡುಗ

ನಮ್ಮ ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಕಲ್ಲೇಶ್ವರ ಗುಡಿಗೆ ಬನ್ನಿ ಒಮ್ಮೆ. ಕಲ್ಯಾಣ ಚಾಲುಕ್ಯರ ಕಾಲದ ಮಿಥುನ ಶಿಲ್ಪಗಳಿವೆ. ಬಳ್ಳಿಗಾವಿಯ ತ್ರಿಪುರಾಂತಕದಲ್ಲೂ ಇವೆ. ಊರಿನ ಹೆಂಗಸರು ಮಂಗಳಾರತಿಗೆ ಬಂದು ಪಕ್ಕದಲ್ಲೇ ಕೂತು ಹೂ ಕಟ್ಟುತ್ತಾರೆ. ಯಾರಿಗೂ ಏನೂ ಆಗಲ್ಲ. ಬೆಂಗಳೂರಿಂದ ಬಂದ ಹುಡುಗರು ಮಾತ್ರ ಮೊಬೈಲ್ ಜೂಮ್ ಮಾಡುತ್ತಾರೆ 😄

ಹುಬ್ಬಳ್ಳಿ ಹೈದ

ಬೆಂಗಳೂರಿನವರ ಮಾನ ಹೋಯ್ತು.

ಸರಿ, ನಾನು ಸೋಲು ಒಪ್ಪುವ ಮೊದಲು ಒಂದು ಬಾಣ ಉಳಿದಿದೆ. ಮೆದುಳಿನ ಸ್ಕ್ಯಾನ್. ಗಂಡಸರ ಮೆದುಳಿನಲ್ಲಿ ಅಮಿಗ್ಡಲಾ ಅನ್ನುವ ಭಾಗ ಜಾಸ್ತಿ ಬೆಳಗುತ್ತದೆ ಅಂತ ಓದಿದ್ದೇನೆ. ಇದು ವಾಟ್ಸಾಪ್ ಅಲ್ಲ, ನೇಚರ್ ಬಳಗದ ವಿಜ್ಞಾನ ಪತ್ರಿಕೆಯದ್ದು.

ಅಂಕಿಗಾರ

ಹೌದು, ಅದು ನಿಜವಾದ ಅಧ್ಯಯನವೇ. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಸ್ಟೀಫನ್ ಹ್ಯಾಮನ್, ಕಿಮ್ ವಾಲನ್ ಮತ್ತಿತರರು, 2004. ಒಂದೇ ಫೋಟೋ ತೋರಿಸಿದಾಗ ಗಂಡಸರಲ್ಲಿ ಅಮಿಗ್ಡಲಾ ಮತ್ತು ಹೈಪೋಥಲಾಮಸ್ ಅನ್ನುವ ಇನ್ನೊಂದು ಭಾಗ ಜಾಸ್ತಿ ಚುರುಕಾದವು. ಹೆಂಗಸರು ನಮಗೂ ಅಷ್ಟೇ ಅನ್ನಿಸಿತು ಅಂದಾಗಲೂ ಈ ವ್ಯತ್ಯಾಸ ಉಳಿಯಿತು. ಆದರೆ ಎಷ್ಟು ಜನ? 14 ಗಂಡಸರು, 14 ಹೆಂಗಸರು. ಒಂದು ಮಿನಿ ಬಸ್ಸು ತುಂಬುವಷ್ಟು ಜನ ಇಟ್ಟುಕೊಂಡು ಇಡೀ ಮನುಕುಲದ ಮೆದುಳಿನ ಬಗ್ಗೆ ತಲೆಬರಹ ಬಂತು.

2019ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಇಂಥ 61 ಸ್ಕ್ಯಾನ್ ಅಧ್ಯಯನ ಒಟ್ಟು ಹಾಕಿದರು. 1,850 ಜನ. ಗಂಡಾಗಲಿ ಹೆಣ್ಣಾಗಲಿ, ಕಾಮಚಿತ್ರ ನೋಡಿದಾಗ ಚುರುಕಾಗುವ ಜಾಗಗಳು ಅವೇ ಅಂದರು. ಫೋಟೋನಾ ವೀಡಿಯೊನಾ ಅನ್ನುವುದರಿಂದ ಆಗುವ ವ್ಯತ್ಯಾಸ ಲಿಂಗದಿಂದ ಆಗುವುದಕ್ಕಿಂತ ಎದ್ದು ಕಂಡಿತು.

ನೀವು ಕುಣಿಯುವ ಮೊದಲು, ಕಾಫಿಪುಡಿ ಅವರೇ, ಇದಕ್ಕೂ ಒಂದು ಕೊಕ್ಕೆ ಇದೆ. ಆ ವಿಧಾನ ಹೇಳುವುದು ಮೆದುಳಿನ ಯಾವ ಜಾಗ ಅನ್ನುವುದನ್ನು. ಎಷ್ಟು ಜೋರಾಗಿ ಅನ್ನುವುದನ್ನು ಅದು ಸರಿಯಾಗಿ ಹಿಡಿಯಲ್ಲ. ಮನೆಯಲ್ಲಿ ಯಾವ ಕೋಣೆಯ ದೀಪ ಹತ್ತಿದೆ ಅಂತ ಗೊತ್ತಾಗುತ್ತದೆ, ಬಲ್ಬು ಎಷ್ಟು ವಾಟ್ ಅಂತ ಗೊತ್ತಾಗಲ್ಲ. ಹಾಗಾಗಿ ಹ್ಯಾಮನ್ ಸುಳ್ಳು ಅಂತ ಇದರಿಂದ ಸಾಬೀತಾಗಲಿಲ್ಲ. "ಅವಳ ಮೆದುಳೇ ಬೇರೆ" ಅನ್ನುವವರಿಗೆ ಮಾತ್ರ ಇದರಲ್ಲಿ ಏನೂ ಸಿಗಲ್ಲ.

ಕಾಫಿಪುಡಿ

ಕುಣಿಯಲ್ಲ ಬಿಡಿ, ಕೂತೇ ಖುಷಿಪಡುತ್ತೇನೆ. ನೋಟದ ಬಗ್ಗೆಯೇ ಯಾರಾದರೂ ನೋಡಿದ್ದಾರಾ? ಅಂದರೆ ಚಿತ್ರದಲ್ಲಿ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ?

ಲ್ಯಾಬ್‌ಕೋಟು

ನೋಡಿದ್ದಾರೆ, ಅದೇ ಎಮರಿಯಲ್ಲಿ. ಹೆದರ್ ರಪ್ ಮತ್ತು ಕಿಮ್ ವಾಲನ್, 2007. ಜೋಡಿಗಳ ಫೋಟೋ ತೋರಿಸಿ ಕಣ್ಣಿನ ಗುಡ್ಡೆ ಎಲ್ಲಿ ನಿಲ್ಲುತ್ತದೆ ಅಂತ ಯಂತ್ರದಲ್ಲಿ ಹಿಡಿದರು. ಗಂಡಸರು ಎಲ್ಲಿ ನೋಡಿರಬಹುದು, ಊಹಿಸಿ.

ಹುಬ್ಬಳ್ಳಿ ಹೈದ

ಇದರಲ್ಲಿ ಊಹಿಸುವುದು ಏನಿದೆ 🙈

ಲ್ಯಾಬ್‌ಕೋಟು

ಮುಖ! ಹೆಂಗಸರು ನೋಡಿದ್ದಕ್ಕಿಂತ ಗಂಡಸರೇ ಚಿತ್ರದಲ್ಲಿದ್ದ ಹೆಣ್ಣಿನ ಮುಖವನ್ನು ಜಾಸ್ತಿ ನೋಡಿದರು. ಹೆಂಗಸರಲ್ಲಿ ಎರಡು ಗುಂಪು ಇತ್ತು. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳದವರ ಕಣ್ಣು ಜನನಾಂಗದ ಕಡೆ ಜಾಸ್ತಿ ಹೋಯಿತು. ಗುಳಿಗೆ ತೆಗೆದುಕೊಳ್ಳುವವರು ಬಟ್ಟೆ, ಹಿನ್ನೆಲೆ ಹೀಗೆ ಸುತ್ತಮುತ್ತ ನೋಡಿದರು. ಇದೂ ಸಣ್ಣ ಗುಂಪಿನ ಅಧ್ಯಯನವೇ, ತಲೆ ಮೇಲೆ ಹೊತ್ತು ಮೆರೆಸಬೇಡಿ. ಆದರೆ "ಹೆಂಗಸರು" ಅಂತ ಒಂದೇ ಗೋಣಿಚೀಲಕ್ಕೆ ತುಂಬಲು ಆಗಲ್ಲ ಅನ್ನುವುದಕ್ಕೆ ಸಾಕು.

ಕಡಲತಡಿ

ಇಷ್ಟು ದಿನ ಬರೀ ಓದುತ್ತಿದ್ದೆ. ಈಗ ಬರೆಯುತ್ತಿದ್ದೇನೆ, ಹೆಸರು ಬೇರೆ ಇಟ್ಟುಕೊಂಡು, ಯಾಕೆ ಅಂತ ಅರ್ಥ ಆಗಿರಬಹುದು.

ನೀವೆಲ್ಲ ನಳಿಕೆ, ಉಂಗುರ, ಸ್ಕ್ಯಾನ್ ಅಂತ ಮಾತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ಮದುವೆಯಾಗಿ ಸುಮಾರು ವರ್ಷ ನನಗೆ ಅಂತ ಸ್ವಂತ ಫೋನ್ ಇರಲಿಲ್ಲ. ಇದ್ದದ್ದನ್ನು ಅತ್ತೆ ಭಜನೆಗೆ, ಮೈದುನ ಕ್ರಿಕೆಟ್ಟಿಗೆ, ಮಕ್ಕಳು ಆಟಕ್ಕೆ ತೆಗೆದುಕೊಳ್ಳುತ್ತಿದ್ದರು. ಅದರಲ್ಲಿ ನಾನು ಏನು ನೋಡಲಿ? ನನ್ನ ಗಂಡನಿಗೆ ಆ ಭಯ ಇರಲಿಲ್ಲ. ಅವರ ಫೋನಿಗೆ ಲಾಕು ಇತ್ತು. ಯಾರೂ ಕೇಳುತ್ತಲೂ ಇರಲಿಲ್ಲ. ಗಂಡಸು ನೋಡಿ ಸಿಕ್ಕಿಬಿದ್ದರೆ "ವಯಸ್ಸು" ಅನ್ನುತ್ತಾರೆ. ನಾನು ಸಿಕ್ಕಿಬಿದ್ದರೆ ತವರಿಗೆ ಫೋನ್ ಹೋಗುತ್ತದೆ.

ಈಗ ಒಂದು ಸರ್ವೆಯವರು ಬಂದು "ಇಂಥ ಚಿತ್ರ ನೋಡಿದರೆ ನಿಮಗೆ ಏನಾದರೂ ಅನ್ನಿಸುತ್ತಾ" ಅಂತ ಕೇಳಿದರೆ ನಾನು ಏನು ಹೇಳುತ್ತೇನೆ ಅಂದುಕೊಂಡಿದ್ದೀರಿ? "ಛೇ" ಅನ್ನುತ್ತೇನೆ. ಅವರು ಬರೆದುಕೊಂಡು ಹೋಗುತ್ತಾರೆ.

ನೈಟ್‌ಡ್ಯೂಟಿ

ಕಡಲತಡಿ, ಬರೆದದ್ದಕ್ಕೆ ಥ್ಯಾಂಕ್ಸ್. ಓಪಿಡಿಯಲ್ಲೂ ಇದೇ. ಅತ್ತೆ ಜೊತೆಗೆ ಬಂದಿದ್ದರೆ ಒಂದು ಉತ್ತರ, ಅತ್ತೆ ಹೊರಗೆ ಹೋದ ಮೇಲೆ ಇನ್ನೊಂದು.

ಅಂಕಿಗಾರ

ಕಡಲತಡಿ ಹೇಳಿದ "ಛೇ" ಅನ್ನು ಅಳೆದವರೂ ಇದ್ದಾರೆ. ಟೆರಿ ಫಿಶರ್ ಮತ್ತು ಮಿಷೆಲ್ ಅಲೆಕ್ಸಾಂಡರ್, ಅಮೆರಿಕ, 2003. ಕಾಲೇಜು ಹುಡುಗ ಹುಡುಗಿಯರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸುಳ್ಳು ಪತ್ತೆ ಮಾಡುವ ಯಂತ್ರದ ವೈರು ಕೈಗೆ ಅಂಟಿಸಿ ಪ್ರಶ್ನೆಪತ್ರಿಕೆ ಕೊಟ್ಟರು. ಯಂತ್ರ ಏನನ್ನೂ ಪತ್ತೆ ಮಾಡುತ್ತಿರಲಿಲ್ಲ, ಅದು ಅವರಿಗೆ ಗೊತ್ತಿಲ್ಲ. ಇನ್ನೊಂದು ಗುಂಪಿಗೆ ಒಂಟಿ ಕೋಣೆ, ಉತ್ತರ ಗುಟ್ಟಾಗಿರುತ್ತದೆ ಅನ್ನುವ ಭರವಸೆ. ಮೂರನೆಯ ಗುಂಪು ಬಾಗಿಲ ಹೊರಗೆ ಕೂತ ತಮ್ಮದೇ ವಯಸ್ಸಿನವರ ಕೈಗೆ ಉತ್ತರ ಕೊಡಬೇಕು, ಅವರು ಓದಲೂಬಹುದು.

ಯಾರೋ ಓದಬಹುದು ಅನ್ನುವ ಗುಂಪಿನಲ್ಲಿ ಹಸ್ತಮೈಥುನ, ಕಾಮಚಿತ್ರ ನೋಡುವುದು ಇವುಗಳಲ್ಲಿ ಗಂಡು ಹೆಣ್ಣಿನ ನಡುವೆ ಭಾರಿ ಅಂತರ. ಸುಳ್ಳು ಪತ್ತೆ ಆಗುತ್ತದೆ ಅಂದುಕೊಂಡ ಗುಂಪಿನಲ್ಲಿ ಆ ಅಂತರ ಇಲ್ಲವೇ ಇಲ್ಲ ಅನ್ನುವಷ್ಟು ಕುಗ್ಗಿತು. ಹುಡುಗರ ಉತ್ತರ ಅಷ್ಟೇನೂ ಬದಲಾಗಲಿಲ್ಲ. ಬದಲಾದದ್ದು ಹುಡುಗಿಯರ ಉತ್ತರ.

ಅದು ಅಮೆರಿಕದ ಕಾಲೇಜು, 2000ದ ದಶಕ. ಅಲ್ಲೇ ಹೀಗಾದರೆ ಕೂಡು ಕುಟುಂಬದಲ್ಲಿ ಹೇಗಿರಬೇಡ. ಇನ್ನೊಂದು, ಇಲ್ಲಿ ಬಂದ ಪ್ರಯೋಗಗಳೆಲ್ಲ ಅಮೆರಿಕ, ಕೆನಡಾ, ಯೂರೋಪಿನವು. ಅವುಗಳಿಗೆ ಒಪ್ಪಿ ಬಂದವರು ಬಹುತೇಕ ಓದುವ ವಯಸ್ಸಿನವರು. ನಳಿಕೆ ಇಟ್ಟುಕೊಳ್ಳಲು ಒಪ್ಪುವ ಹೆಣ್ಣುಮಗಳು ಮೊದಲೇ ಈ ವಿಷಯದಲ್ಲಿ ಸ್ವಲ್ಪ ಧೈರ್ಯಸ್ಥೆ ಆಗಿರುತ್ತಾಳೆ.

ಹಳೇ ಪುಸ್ತಕದಂಗಡಿ

ಚಿತ್ರದಿಂದ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಕ್ಷಮಿಸಿ. "ಛೇ" ಅನ್ನಿಸುವವರು ಯಾರು ಅನ್ನುವುದಕ್ಕೆ ನಮ್ಮ ನಂಜನಗೂಡಿನ ಹೆಣ್ಣುಮಗಳೊಬ್ಬಳ ಕಥೆ ಇದೆ. ಬೆಂಗಳೂರು ನಾಗರತ್ನಮ್ಮ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಅಂತ ಎಲ್ಲರಿಗೂ ಗೊತ್ತು. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಅನ್ನುವ ಕವಯಿತ್ರಿ 18ನೇ ಶತಮಾನದಲ್ಲಿ ತೆಲುಗಿನಲ್ಲಿ ಬರೆದ ಶೃಂಗಾರ ಕಾವ್ಯ "ರಾಧಿಕಾ ಸಾಂತ್ವನಮು". ಅದನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದವರೂ ಇವರೇ, 1910ರಲ್ಲಿ. ಅಲ್ಲಿ ರಾಧೆಗೆ ಆಸೆ ಇದೆ, ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಹೆಂಗಸು ಹೀಗೆ ಬರೆಯಬಹುದೇ ಅಂತ ಪಂಡಿತರು ಕೂಗಾಡಿದರು. ಗಂಡಸರು ಬರೆದದ್ದರಲ್ಲಿ ಇದಕ್ಕಿಂತ ಜಾಸ್ತಿ ಇದೆಯಲ್ಲ, ನಾಚಿಕೆ ಹೆಂಗಸರಿಗೆ ಮಾತ್ರವೇ ಅಂತ ನಾಗರತ್ನಮ್ಮ ತಿರುಗಿ ಕೇಳಿದರು. 1911ರಲ್ಲಿ ಬ್ರಿಟಿಷ್ ಸರ್ಕಾರ ಪುಸ್ತಕದ ಮೇಲೆ ಕ್ರಮ ತೆಗೆದುಕೊಂಡಿತು. ನಿಷೇಧ ತೆರವಾದದ್ದು 1947ರಲ್ಲಿ.

ಹೆಂಗಸರಿಗೆ ಇಷ್ಟವಾಗುವಂಥದ್ದನ್ನು ಹೆಂಗಸರು ಮಾಡಿದಾಗ ಬಾಗಿಲು ಹಾಕುವುದು, ಆಮೇಲೆ "ಅವರಿಗೆ ಇದೆಲ್ಲ ಬೇಕಾಗಿಲ್ಲ" ಅನ್ನುವುದು. ಹುಬ್ಬಳ್ಳಿ ಹೈದ ಅವರೇ, ನಿಮ್ಮ ಮಾರುಕಟ್ಟೆಗೆ ಇದನ್ನೂ ಸೇರಿಸಿಕೊಳ್ಳಿ.

ಲ್ಯಾಬ್‌ಕೋಟು

ಇದಕ್ಕೆ ಸರಿಯಾಗಿ ಕೂರುವ ಪ್ರಯೋಗ ಒಂದಿದೆ. ಆಮ್‌ಸ್ಟರ್‌ಡ್ಯಾಮಿನ ಎಲೆನ್ ಲಾನ್, 1994. ಒಂದು ತುಣುಕು ಗಂಡಸರ ನಿರ್ದೇಶನದ್ದು, ಇನ್ನೊಂದು ಹೆಂಗಸು ಮಾಡಿದ್ದು, ಅದರಲ್ಲಿ ಹೆಣ್ಣೇ ಮೊದಲು ಮುಂದಾಗುತ್ತಾಳೆ. ಎರಡನ್ನೂ ಹೆಂಗಸರಿಗೆ ತೋರಿಸಿದರು. ನಳಿಕೆಯ ಗ್ರಾಫಿನಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. ಆದರೆ ಕೇಳಿದಾಗ, ಹೆಂಗಸು ಮಾಡಿದ್ದು ನೋಡಿ ತಾವು ಕೆರಳಿದ್ದಾಗಿ ಜಾಸ್ತಿ ಹೇಳಿದರು. ಗಂಡಸರ ನಿರ್ದೇಶನದ್ದು ನೋಡಿದಾಗ ನಾಚಿಕೆ, ತಪ್ಪಿತಸ್ಥ ಭಾವನೆ, ಹೇಸಿಗೆ ಬಂತು ಅಂದರು.

ನಾನು ಮೊದಲೇ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಹ್ಯಾಂಬರ್ಗಿನ ಅಸಹ್ಯ, ಅದೇ ಇಲ್ಲಿ ಮತ್ತೆ ಬಂತು. ಹಾಗಾಗಿ "ಹೆಂಗಸರಿಗೆ ಚಿತ್ರ ಕೆಲಸ ಮಾಡಲ್ಲ" ಅನ್ನುವಾಗ ಯಾವ ಚಿತ್ರ ಅಂತ ಮೊದಲು ಕೇಳಬೇಕು. ಯಾರೋ ಇನ್ಯಾರಿಗೋ ಮಾಡಿದ ಅಡುಗೆ ಬಡಿಸಿ, ಇವರಿಗೆ ಹಸಿವೇ ಇಲ್ಲ ಅಂದರೆ ಹೇಗೆ.

ಹುಬ್ಬಳ್ಳಿ ಹೈದ

ಇದು ನಾಟಿತು. ಆದರೂ ಒಂದು ಮಾತು. ಇಷ್ಟೆಲ್ಲ ಆದ ಮೇಲೂ ಸರಾಸರಿಯಲ್ಲಿ ಗಂಡಸರು ಚಿತ್ರ ಜಾಸ್ತಿ ಹುಡುಕುತ್ತಾರೆ, ಜಾಸ್ತಿ ನೋಡುತ್ತಾರೆ ಅನ್ನುವುದನ್ನು ನೀವು ಯಾರೂ ಅಲ್ಲಗಳೆದಿಲ್ಲ ತಾನೇ?

ಅಂಕಿಗಾರ

ಇಲ್ಲ, ಅಲ್ಲಗಳೆಯಲ್ಲ. ತಾವಾಗಿ ಹುಡುಕುವುದರಲ್ಲಿ ಅಂತರ ಇದೆ, ಬೇರೆ ಬೇರೆ ದೇಶದಲ್ಲೂ ಇದೆ. ಎದುರಿಗೆ ಇಟ್ಟಾಗ ಮೈಗೆ ಏನಾಗುತ್ತದೆ ಅನ್ನುವುದರಲ್ಲಿ ಅಂತರ ಬಹಳ ಕಡಿಮೆ. ಈ ಎರಡನ್ನೂ ಕಲಸಿದ್ದರಿಂದಲೇ ಇಷ್ಟು ಗದ್ದಲ. ಹುಡುಕುವುದರಲ್ಲಿ ಆಸೆಯ ಪಾಲು ಎಷ್ಟು, ಫೋನಿನ ಲಾಕಿನ ಪಾಲು ಎಷ್ಟು ಅನ್ನುವುದನ್ನು ಬಿಡಿಸುವುದೇ ಕಷ್ಟದ ಕೆಲಸ.

ನೇರಮಾತು

ಇದೆಲ್ಲ ತಿಳಿದು ಉಪಯೋಗ ಏನು? ನಿಜವಾಗಿ ಕೇಳುತ್ತಿದ್ದೇನೆ, ಕಾಲೆಳೆಯುತ್ತಿಲ್ಲ.

ನೈಟ್‌ಡ್ಯೂಟಿ

ಉಪಯೋಗ ಇದೆ. ವಯಾಗ್ರ ಗೊತ್ತಲ್ಲ? 1998ರಲ್ಲಿ ಗಂಡಸರಿಗೆ ಬಂದು ಫೈಜರ್ ಕಂಪನಿಗೆ ದುಡ್ಡಿನ ಹೊಳೆ ಹರಿಸಿತು. ಹೆಂಗಸರಿಗೂ ಕೊಟ್ಟರೆ ಹೇಗೆ ಅಂತ ಅವರು ಸುಮಾರು 3,000 ಹೆಂಗಸರ ಮೇಲೆ ಎಂಟು ವರ್ಷ ಪ್ರಯೋಗ ಮಾಡಿದರು. ಗುಳಿಗೆ ಜನನಾಂಗಕ್ಕೆ ರಕ್ತ ಹರಿಸುತ್ತದೆ. ಆದರೆ ರಕ್ತ ಹರಿದರೂ ಮನಸ್ಸಿಗೆ ಅದು ಆಸೆಯಾಗಿ ತಲುಪುತ್ತದೆ ಅನ್ನುವಂತಿರಲಿಲ್ಲ. 2004ರಲ್ಲಿ ಪ್ರಯೋಗವನ್ನೇ ಕೈಬಿಟ್ಟರು. 0.26 ಅನ್ನುವ ಅಂಕಿ ಏನು ಹೇಳುತ್ತದೆ ಅನ್ನುವುದು ಕಾಗದದ ಮೇಲೆ ಬರುವ ಮೊದಲೇ ಕಂಪನಿಯ ಜೇಬಿಗೆ ತಿಳಿದಿತ್ತು.

2008ರಲ್ಲಿ ಅದೇ ಎಲೆನ್ ಲಾನ್ ಮತ್ತು ಸಂಗಡಿಗರು ಇನ್ನೊಂದು ತೋರಿಸಿದರು. "ನನಗೆ ಏನೂ ಅನ್ನಿಸಲ್ಲ" ಅಂತ ಚಿಕಿತ್ಸೆಗೆ ಬಂದ, ಬೇರೆ ಕಾಯಿಲೆ ಇಲ್ಲದ ಹೆಂಗಸರಿಗೆ ವೀಡಿಯೊ ತೋರಿಸಿದರೆ, ಅವರ ಮೈ ತೊಂದರೆ ಇಲ್ಲದವರಷ್ಟೇ ಸ್ಪಂದಿಸಿತು. ತೊಂದರೆ ರಕ್ತನಾಳದಲ್ಲಿ ಇರಲಿಲ್ಲ.

ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ "ನನ್ನಲ್ಲೇ ಏನೋ ದೋಷ ಇದೆ, ಮಾತ್ರೆ ಕೊಡಿ" ಅನ್ನುತ್ತಾರೆ. ಗಂಡ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿರುತ್ತಾನೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಾಣಂತನ, ಮುಟ್ಟು ನಿಂತ ಮೇಲಿನ ಒಣಗು, ಮನಸ್ಸಿನ ಖಾಯಿಲೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆ, ಇವನ್ನೆಲ್ಲ ಮೊದಲು ನೋಡುತ್ತೇವೆ, ನೋಡಲೇಬೇಕು. ಅವೆಲ್ಲ ಸರಿ ಇದ್ದರೆ ಗಂಡನನ್ನು ಸ್ವಲ್ಪ ಹೊರಗೆ ಕೂರಿಸಿ ಬೇರೆ ಪ್ರಶ್ನೆ ಕೇಳುತ್ತೇನೆ. ನಿದ್ದೆ ಎಷ್ಟು ಆಗುತ್ತೆ, ಕೋಣೆಗೆ ಚಿಲಕ ಇದೆಯಾ, ನಿಮಗೆ ಏನು ಇಷ್ಟ ಅಂತ ಯಾರಾದರೂ ಯಾವತ್ತಾದರೂ ಕೇಳಿದ್ದಾರಾ.

ಕಡಲತಡಿ

ಕೊನೆಯ ಪ್ರಶ್ನೆಗೆ ಏನು ಉತ್ತರ ಬರುತ್ತೆ ಡಾಕ್ಟರೇ?

ನೈಟ್‌ಡ್ಯೂಟಿ

ಹೆಚ್ಚಿನವರು ನಗುತ್ತಾರೆ. ಇಬ್ಬರು ಮೂವರು ಎದ್ದು ಹೋಗಿದ್ದೂ ಇದೆ. ಆಮೇಲೆ ಒಬ್ಬರೇ ಬಂದು, ಬಾಗಿಲು ಹಾಕಿ, ಅರ್ಧ ಗಂಟೆ ಮಾತಾಡುತ್ತಾರೆ.